ಡೇ ಕೇರ್ ಸಂಜೆಗೆ ಮುಚ್ಚುತ್ತದೆ, ನೋವು ಮನೆಗೆ ಬರುತ್ತದೆ

ರಾಜ್ಯದ ಆರೋಗ್ಯ ಸಚಿವರಿಗೆ, ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ ಮತ್ತು ಜಿಲ್ಲಾ ಆಸ್ಪತ್ರೆಗಳ ಮುಖ್ಯಸ್ಥರಿಗೆ,

ನಮಸ್ಕಾರ.

ನಾನು ಗಂಗಾವತಿಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡವನು. ಡಾಕ್ಟರಲ್ಲ, ಯಾವ ಸಂಘಟನೆಯ ಪದಾಧಿಕಾರಿಯೂ ಅಲ್ಲ. ಆದರೆ ಕ್ಯಾನ್ಸರ್ ಬಂದ ಮನೆಯವರು ರಾತ್ರಿ ಹೊತ್ತು ಮೊದಲು ಬಂದು ನಿಲ್ಲುವುದು ನಮ್ಮಂಥವರ ಕೌಂಟರ್ ಮುಂದೆ. ಅದರ ಮೇಲೆ, ನಮ್ಮ ಮನೆಯಲ್ಲೇ ಒಬ್ಬರಿಗೆ ಕೀಮೋ ಆಗಿದೆ. ಹಾಗಾಗಿ ಎರಡೂ ಕಡೆಯಿಂದ ನೋಡಿದ್ದನ್ನು ಬರೆಯುತ್ತಿದ್ದೇನೆ. ಎಲ್ಲರೂ ಓದಲಿ ಅಂತಲೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

2025ರ ಫೆಬ್ರವರಿಯ ಕೇಂದ್ರ ಬಜೆಟ್‌ನಲ್ಲಿ ಒಂದು ಒಳ್ಳೆಯ ಮಾತು ಬಂತು. ಮೂರು ವರ್ಷದೊಳಗೆ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ, ಮೊದಲ ವರ್ಷವೇ 200. ನಮ್ಮ ರಾಜ್ಯ ಸರ್ಕಾರವೂ ಜಿಲ್ಲೆಗಳಲ್ಲೇ ಕೀಮೋ ಕೊಡುವ ಕೆಲಸಕ್ಕೆ ಕೈ ಹಾಕಿದೆ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಇಷ್ಟು ವರ್ಷ ನಮ್ಮ ಕಡೆಯವರು ಕೀಮೋಗೆ ಅಂತ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದರು. ರಾಯಚೂರು ಕಡೆಯವರು ಹೈದರಾಬಾದ್ ರೈಲು ಹಿಡಿಯುತ್ತಿದ್ದರು. ಹೋಗುವಾಗ ಹೇಗೋ ಹೋಗಬಹುದು. ಕೀಮೋ ಮುಗಿಸಿ, ವಾಕರಿಕೆ ತಡೆದುಕೊಂಡು, ರಾತ್ರಿಯೆಲ್ಲ ಕೂತು ವಾಪಸ್ ಬರುವುದಿದೆಯಲ್ಲ, ಅದು ಬೇಡ. ಜಿಲ್ಲೆಯಲ್ಲೇ ಕೀಮೋ ಸಿಕ್ಕರೆ ಆ ಪ್ರಯಾಣವೊಂದು ತಪ್ಪುತ್ತದೆ.

ಆದರೆ ಡೇ ಕೇರ್ ಅಂದರೆ ಏನು? ಬೆಳಿಗ್ಗೆ ಬರುವುದು, ಕೈಗೆ ಸೂಜಿ ಚುಚ್ಚಿಸಿಕೊಂಡು ಬಾಟಲಿ ಮುಗಿಯುವ ತನಕ ಮಲಗುವುದು, ಸಂಜೆ ಮನೆಗೆ ಹೋಗುವುದು. ಆ ದಿನ ಅಷ್ಟೇನೂ ತೊಂದರೆ ಇರುವುದಿಲ್ಲ. ವಾಂತಿ ಆಗದ ಹಾಗೆ ಮೊದಲೇ ಔಷಧಿ ಕೊಟ್ಟಿರುತ್ತಾರೆ. ನಿಜವಾದ ಕಷ್ಟ ಶುರುವಾಗುವುದು ಆಮೇಲೆ. ಪ್ಯಾಕ್ಲಿಟಾಕ್ಸೆಲ್ ಅನ್ನುವ ಕೀಮೋ ಔಷಧಿ ತೆಗೆದುಕೊಂಡವರಿಗೆ ಎರಡು ಮೂರು ದಿನಕ್ಕೆ ಕೀಲು, ಮಾಂಸಖಂಡ ಎಲ್ಲ ನೋವು. ಬಿಳಿ ರಕ್ತಕಣ ಹೆಚ್ಚಲಿ ಅಂತ ಕೊಡುವ ಇಂಜೆಕ್ಷನ್‌ನಿಂದ ಸೊಂಟದ ಮೂಳೆ, ಎದೆಯ ಮೂಳೆ ಒಳಗಿಂದಲೇ ನೋಯುತ್ತವೆ. ವಾರ ಕಳೆಯುವಷ್ಟರಲ್ಲಿ ಬಾಯಿ ತುಂಬ ಹುಣ್ಣು. ಏಳರಿಂದ ಹದಿನಾಲ್ಕು ದಿನದ ನಡುವೆ ಬಿಳಿ ರಕ್ತಕಣ ತೀರಾ ಕೆಳಗೆ ಇಳಿದಿರುತ್ತದೆ, ಜ್ವರ ಬಂದರೆ ಜೀವಕ್ಕೇ ಅಪಾಯ. ಇದ್ಯಾವುದೂ ಡೇ ಕೇರ್‌ನ ಹಾಸಿಗೆಯ ಮೇಲೆ ಆಗುವುದಿಲ್ಲ. ಸಿಂಧನೂರಿನ ಕ್ಯಾಂಪಿನಲ್ಲಿ, ಕುಷ್ಟಗಿಯ ಹಳ್ಳಿಯಲ್ಲಿ, ಬಳ್ಳಾರಿಯ ಕೌಲ್ ಬಜಾರಿನ ಒಂದು ಕೋಣೆಯ ಮನೆಯಲ್ಲಿ ಆಗುತ್ತದೆ. ಕೀಮೋವನ್ನು ಜಿಲ್ಲೆಗೆ ತಂದಿರಿ, ಸರಿ. ಅದರ ನೋವನ್ನು ನೋಡಿಕೊಳ್ಳುವ ಏರ್ಪಾಡನ್ನೂ ಅದರ ಜೊತೆಗೇ ತನ್ನಿ. ಈ ಪತ್ರದಲ್ಲಿ ನಾನು ಕೇಳುವುದು ಇಷ್ಟೇ.

ನಮ್ಮ ಅಕ್ಕನ ವಿಷಯ ಹೇಳುತ್ತೇನೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ ಅವಳದು. ಬಳ್ಳಾರಿ ಜೀನ್ಸ್ ಅಂದರೆ ನಿಮಗೆ ಗೊತ್ತೇ ಇದೆ, ಮನೆಮನೆಯಲ್ಲೂ ಮಷೀನಿನ ಸದ್ದು. ದೊಡ್ಡ ಕರುಳಿನಲ್ಲಿ ಗಡ್ಡೆ ಅಂತ ಆಪರೇಷನ್ ಆಯಿತು. ಆಮೇಲೆ ಕೀಮೋ. ಒಂದು ದಿನ ಆಕ್ಸಾಲಿಪ್ಲಾಟಿನ್ ಡ್ರಿಪ್, ಆಮೇಲೆ ಹದಿನಾಲ್ಕು ದಿನ ಮನೆಯಲ್ಲೇ ಕೇಪ್‌ಸಿಟಾಬಿನ್ ಗುಳಿಗೆ, ಒಂದು ವಾರ ಬಿಡುವು. ಮತ್ತೆ ಶುರು.

ಆಕ್ಸಾಲಿಪ್ಲಾಟಿನ್ ಔಷಧಿಗೆ ಒಂದು ವಿಚಿತ್ರ ಗುಣವಿದೆ. ತಣ್ಣನೆಯದು ಏನು ತಾಗಿದರೂ ಮೈಗೆ ಸಹಿಸಲು ಆಗುವುದಿಲ್ಲ. ತಣ್ಣೀರು ಮುಟ್ಟಿದರೆ ಬೆರಳಿಗೆ ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನುತ್ತದೆ. ತಣ್ಣನೆಯದು ಕುಡಿದರೆ ಗಂಟಲು ಮುಚ್ಚಿಕೊಂಡ ಹಾಗೆ, ಉಸಿರೇ ನಿಂತ ಹಾಗೆ ಆಗುತ್ತದೆ. ನಿಜವಾಗಿ ಉಸಿರಿನ ದಾರಿ ಮುಚ್ಚಿರುವುದಿಲ್ಲ. ನರಗಳು ಹಾಗೆ ಅನ್ನಿಸುವಂತೆ ಮಾಡುತ್ತವೆ. ಸ್ವಲ್ಪ ಹೊತ್ತಿಗೆ ತಾನಾಗೇ ಇಳಿಯುತ್ತದೆ, ಬೆಚ್ಚಗಿನ ನೀರು ಕುಡಿದರೆ ಬೇಗ ಇಳಿಯುತ್ತದೆ. ಇಷ್ಟು ಗೊತ್ತಿದ್ದರೆ ಹೆದರಬೇಕಾಗಿಲ್ಲ.

ಅಕ್ಕನಿಗೆ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ "ಕೋಲ್ಡ್ ಏನೂ ತಗೋಬೇಡಿ" ಅಂದಿದ್ದರಂತೆ. ಹತ್ತು ಮಾತಿನ ನಡುವೆ ಒಂದು ಮಾತು, ಅದೂ ಅರ್ಧ ಇಂಗ್ಲಿಷಿನಲ್ಲಿ. ಅವಳು ಐಸ್‌ಕ್ರೀಂ, ಫ್ರಿಜ್ ನೀರು ಅಂತ ಅಂದುಕೊಂಡಳು. ಮನೆಯಲ್ಲಿ ಫ್ರಿಜ್ಜೇ ಇಲ್ಲವಲ್ಲ, ತೊಂದರೆ ಇಲ್ಲ ಅಂದುಕೊಂಡಳು. ಬಳ್ಳಾರಿಯ ಮೇ ತಿಂಗಳು. ಮನೆಯ ಮೂಲೆಯಲ್ಲಿ ಮಣ್ಣಿನ ಗಡಿಗೆ, ಅದಕ್ಕೆ ಒದ್ದೆ ಬಟ್ಟೆ ಸುತ್ತಿದ್ದಾರೆ. ಮಧ್ಯರಾತ್ರಿ ಬಾಯಾರಿ ಎದ್ದು ಒಂದು ಲೋಟ ನೀರು ಗಟಗಟ ಕುಡಿದಿದ್ದಾಳೆ. ಅಷ್ಟೇ. ಕೈಯಲ್ಲಿದ್ದ ಲೋಟ ಬಿತ್ತು. ಗಂಟಲು ಹಿಡಿದುಕೊಂಡು ಗೋಡೆಗೆ ಒರಗಿ ಕೂತವಳು ನನಗೆ ಫೋನ್ ಮಾಡಿಸಿದಳು. "ತಮ್ಮಾ, ಗಂಟಲು ಕಟ್ಟೇತಿ, ಉಸಿರು ಒಳಗ ಹೋಗವಲ್ದು" ಅಂದಳು. ಮಾತಾಡುತ್ತಿದ್ದಾಳೆ ಅಂದರೆ ಉಸಿರಾಡುತ್ತಿದ್ದಾಳೆ ಅಂತ ಈಗ ಕೂತು ಹೇಳಬಹುದು. ಆಗ ಯಾರಿಗೆ ಆ ಬುದ್ಧಿ ಓಡುತ್ತದೆ?

ಆಟೋ ಮಾಡಿಕೊಂಡು ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಹೋದರು. ಅಲ್ಲಿ ರಾತ್ರಿ ಪಾಳಿಯಲ್ಲಿದ್ದವರಿಗೆ ಈ ಔಷಧಿಯ ಗುಣ ಗೊತ್ತಿರಲಿಲ್ಲ. ಅಲರ್ಜಿ ಅಂತ ಇಂಜೆಕ್ಷನ್ ಕೊಟ್ಟರು, ಆಕ್ಸಿಜನ್ ಹಾಕಿದರು, ಬಿಲ್ ಮಾಡಿದರು. ಆ ಹೊತ್ತಿಗೆ ಫೋನಿನ ಆ ಕಡೆ ಒಬ್ಬ ನರ್ಸ್ ಸಿಕ್ಕಿ "ಬಿಸಿನೀರು ಗುಟುಕು ಗುಟುಕಾಗಿ ಕುಡೀರಿ, ಹತ್ತು ನಿಮಿಷ ನೋಡೋಣ, ಲೈನ್‌ನಲ್ಲೇ ಇರ್ತೀನಿ" ಅಂದಿದ್ದರೆ ಸಾಕಾಗಿತ್ತು. ಕಡಿಮೆ ಆಗದಿದ್ದರೆ ಆಗ ಆಂಬುಲೆನ್ಸ್ ಕರೆದರಾಯಿತು.

ಇದೇ ಔಷಧಿಯ ಇನ್ನೊಂದು ತಮಾಷೆ. ರೈಲ್ವೆಯವರು ಕ್ಯಾನ್ಸರ್ ರೋಗಿಗಳಿಗೆ ಸ್ಲೀಪರ್‌ನಲ್ಲೂ ಎಸಿ ತ್ರೀ ಟೈರ್‌ನಲ್ಲೂ ಪೂರ್ತಿ ರಿಯಾಯಿತಿ ಕೊಡುತ್ತಾರೆ, ಜೊತೆಗೆ ಹೋಗುವವರಿಗೆ 75 ಪರ್ಸೆಂಟ್. ಒಳ್ಳೆಯ ಸೌಲಭ್ಯ, ಆಸ್ಪತ್ರೆಯಿಂದ ಫಾರಂ ಬರೆಸಿಕೊಂಡು ಬರಬೇಕು, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಕೀಮೋ ಮುಗಿಸಿದ ಅಕ್ಕ ಆರಾಮಾಗಿ ಬರಲಿ ಅಂತ ಎಸಿಯಲ್ಲಿ ಟಿಕೆಟ್ ಮಾಡಿಸಿದರೆ, ಆ ತಣ್ಣನೆ ಗಾಳಿಗೆ ಮುಖ, ಬೆರಳು ಎಲ್ಲ ಜುಮ್ಮೆಂದು ಅವಳು ಶಾಲು ಹೊದ್ದು ಮುದುರಿ ಕೂತೇ ಬಂದಳು. ಮುಂದಿನ ಸಲದಿಂದ ಸ್ಲೀಪರ್, ಕಿಟಕಿ ಮುಚ್ಚಿ.

ಹಾಗಾಗಿ ಮೊದಲು ಒಂದು ಸಣ್ಣ ಕೆಲಸ. ಯಾವ ಔಷಧಿ ಕೊಟ್ಟಿದ್ದೀರೋ ಅದರ ಬಗ್ಗೆ ಒಂದೇ ಒಂದು ಪುಟ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಕೊಡಿ. ಆಕ್ಸಾಲಿಪ್ಲಾಟಿನ್ ಆದರೆ "ಗಡಿಗೆ ನೀರೂ ಬೇಡ, ಬೆಳಿಗ್ಗೆ ತಣ್ಣೀರಿನಲ್ಲಿ ಪಾತ್ರೆ ತೊಳೆಯುವುದೂ ಬೇಡ" ಅಂತ ಇರಲಿ. ಡಾಕ್ಸೋರುಬಿಸಿನ್ ಆದರೆ "ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ, ಅದು ರಕ್ತ ಅಲ್ಲ" ಅಂತ ಇರಲಿ. ಬೆಂಗಳೂರಿನಲ್ಲಿ ಕೂತು ಬರೆದ "ಸಮತೋಲಿತ ಆಹಾರ ಸೇವಿಸಿ" ಅನ್ನುವಂಥ ಕರಪತ್ರ ದಯವಿಟ್ಟು ಬೇಡ. ನಮ್ಮ ಊಟ ಜೋಳದ ರೊಟ್ಟಿ, ಪುಂಡಿ ಪಲ್ಯ, ಕೆಂಪು ಖಾರ. ಬಾಯಿ ಹುಣ್ಣಾದವರಿಗೆ ರೊಟ್ಟಿಯ ಅಂಚು ಕುಯ್ಯುತ್ತದೆ, ಪುಂಡಿಯ ಹುಳಿ ಉರಿಯುತ್ತದೆ. ಆರಿದ ಜೋಳದ ಅಂಬಲಿ, ಮೆತ್ತಗೆ ಬೇಯಿಸಿದ ನುಚ್ಚು, ಹೆಸರುಬೇಳೆಯ ತೆಳು ಕಿಚಡಿ ತಿನ್ನಿ ಅಂತ ಬರೆಯಿರಿ. ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ದಿನಕ್ಕೆ ನಾಲ್ಕಾರು ಸಲ ಬಾಯಿ ಮುಕ್ಕಳಿಸಿ ಅಂತ ಬರೆಯಿರಿ. ಇದಕ್ಕೆ ಖರ್ಚು ಎಷ್ಟು?

ಈಗ ಬೆರಳಿನ ವಿಷಯಕ್ಕೆ ಬರುತ್ತೇನೆ. ತಣ್ಣನೆಯದು ತಾಗಿದಾಗ ಜುಮ್ಮೆನ್ನುವುದು ಕೆಲವು ದಿನಕ್ಕೆ ಹೋಗುತ್ತದೆ. ಆದರೆ ಕೀಮೋ ಸುತ್ತು ಹೆಚ್ಚಿದಂತೆ ಬೆರಳ ತುದಿ, ಅಂಗಾಲು ಬಿಡದೆ ಜೋಮು ಹಿಡಿಯಲು ಶುರುವಾಗುತ್ತದೆ. ಔಷಧಿ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಜಾಸ್ತಿ ಆಗುತ್ತಲೇ ಹೋಗಬಹುದು. ಅಕ್ಕ ಒಂದು ದಿನ ಮಷೀನಿನ ಮುಂದೆ ಕೂತಿದ್ದಾಗ ಬಟ್ಟೆಯ ಮೇಲೆ ಕೆಂಪು ಕಲೆ ಕಂಡಿತು. ನೋಡಿದರೆ ಸೂಜಿ ಬೆರಳಿಗೆ ಚುಚ್ಚಿದೆ, ಅವಳಿಗೆ ಗೊತ್ತೇ ಆಗಿಲ್ಲ. ಗುಂಡಿ ಹಚ್ಚುವಾಗ ಗುಂಡಿ ಕೈಯಲ್ಲಿದೆಯೋ ಬಿತ್ತೋ ತಿಳಿಯುತ್ತಿರಲಿಲ್ಲ. ಹೊಲಿಗೆಯವಳಿಗೆ ಬೆರಳು, ರಾಯಚೂರಿನ ಕಡೆ ಹತ್ತಿ ಬಿಡಿಸುವವಳಿಗೂ ಬೆರಳು. ಬೇಸಿಗೆಯಲ್ಲಿ ಕಾದ ಅಂಗಳದ ಮೇಲೆ ಬರಿಗಾಲಲ್ಲಿ ನಿಂತು ಬೊಬ್ಬೆ ಎದ್ದ ಮೇಲೆ ಗೊತ್ತಾಗುವವರೂ ಇದ್ದಾರೆ.

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂತ ಅಕ್ಕನನ್ನು ಕೇಳಿದೆ. ಅವಳು ಕೊಟ್ಟ ಉತ್ತರ ನಿಮ್ಮೆಲ್ಲರಿಗೂ ಕೇಳಿಸಬೇಕು. "ಹೇಳಿದ್ರ ಔಷಧಿ ನಿಲ್ಲಿಸಿಬಿಟ್ಟಾರು ಅಂತ ಹೇಳಲಿಲ್ಲ."

ರೋಗಿಗಳು ನೋವನ್ನು ಮುಚ್ಚಿಡುತ್ತಾರೆ. ಬದುಕಬೇಕು ಅಂತಲೇ ಮುಚ್ಚಿಡುತ್ತಾರೆ. ನೋವು ತಿಂದಷ್ಟೂ ಔಷಧಿ ಕೆಲಸ ಮಾಡುತ್ತಿದೆ ಅಂತ ನಂಬಿದವರು ಎಷ್ಟೋ ಜನ. ಡಾಕ್ಟರ್ ಕೇಳಿದರೆ "ಆರಾಮ್ ಅದೀನ್ರಿ ಸರ್" ಅನ್ನುತ್ತಾರೆ, ಹೊರಗೆ ಬಂದು ಬೆಂಚಿನ ಮೇಲೆ ಕೂತು ಅಳುತ್ತಾರೆ. ಡಾಕ್ಟರಿಗಾದರೂ ಎಲ್ಲಿ ಪುರುಸೊತ್ತು? ಹೊರಗೆ ಸಾಲು ನಿಂತಿರುತ್ತದೆ. ರಕ್ತದ ರಿಪೋರ್ಟ್ ನೋಡಿ, ಸ್ಕ್ಯಾನ್ ನೋಡಿ, ಮುಂದಿನ ತಾರೀಖು ಬರೆಯುವಷ್ಟರಲ್ಲಿ ಹೊತ್ತು ಮುಗಿಯುತ್ತದೆ. ಅಕ್ಕನ ಫೈಲನ್ನು ನಾನು ಮೊದಲಿಂದ ಕೊನೆವರೆಗೆ ಓದಿದ್ದೇನೆ. ಹಿಮೋಗ್ಲೋಬಿನ್ ಇದೆ, ಪ್ಲೇಟ್ಲೆಟ್ ಇದೆ, ತೂಕ ಇದೆ. ನೋವು ಎಷ್ಟಿದೆ ಅಂತ ಒಂದು ಕಡೆಯೂ ಇಲ್ಲ. ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ, ಅಷ್ಟು ಸಾಕಿತ್ತು. ಓದು ಬರಹ ಬಾರದವರಿಗೆ ನಗುವ ಮುಖದಿಂದ ಅಳುವ ಮುಖದವರೆಗಿನ ಚಿತ್ರ ತೋರಿಸಿ ಬೆರಳಿಡಲು ಹೇಳುವ ಪದ್ಧತಿಯೂ ಇದೆ.

ಬೆರಳಿನ ಜೋಮು ಬೇಗ ಗೊತ್ತಾದರೆ ಡಾಕ್ಟರ್ ಡೋಸ್ ಇಳಿಸಬಹುದು. ಆ ಒಂದು ಔಷಧಿ ಮಾತ್ರ ಬಿಟ್ಟು ಉಳಿದದ್ದನ್ನು ಮುಂದುವರಿಸಬಹುದು. ಕರುಳಿನ ಕ್ಯಾನ್ಸರ್‌ನ 12 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ಸೇರಿಸಿ 2018ರಲ್ಲಿ ಬಂದ ಐಡಿಯಾ ಅನ್ನುವ ದೊಡ್ಡ ಅಧ್ಯಯನ, ಅಪಾಯ ಕಡಿಮೆ ಇರುವ ಮೂರನೇ ಹಂತದ ರೋಗಿಗಳಲ್ಲಿ ಇದೇ ಜೋಡಿ ಔಷಧಿಯನ್ನು ಆರು ತಿಂಗಳ ಬದಲು ಮೂರು ತಿಂಗಳು ಕೊಟ್ಟರೂ ಫಲ ಹೆಚ್ಚು ಕಡಿಮೆ ಅಷ್ಟೇ ಅಂತ ತೋರಿಸಿತು. ನರದ ತೊಂದರೆ ಮಾತ್ರ ಎಷ್ಟೋ ಕಡಿಮೆ. ಯಾರಿಗೆ ಎಷ್ಟು ಅನ್ನುವುದು ಡಾಕ್ಟರ್ ತೀರ್ಮಾನ, ನಾನು ಅದಕ್ಕೆ ಕೈ ಹಾಕುವುದಿಲ್ಲ. ಕೇಳಿದರೆ ಮಾಡಲು ದಾರಿ ಇದೆ ಅಂತಷ್ಟೇ ಹೇಳುತ್ತಿದ್ದೇನೆ. ಜೋಮಿನ ನೋವಿಗೆ ಡುಲಾಕ್ಸೆಟಿನ್ ಅನ್ನುವ ಗುಳಿಗೆ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ. ನನ್ನಂಥ ಸಣ್ಣ ಅಂಗಡಿಯಲ್ಲೂ ಅದು ಸಿಗುತ್ತದೆ, ಚೀಟಿ ಬರೆಯುವವರು ಬೇಕು.

ಕೇಳುವುದರಿಂದ ಆಯುಸ್ಸು ಕೂಡ ಹೆಚ್ಚುತ್ತದೆ ಅಂದರೆ ನಂಬುತ್ತೀರಾ? ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಕೀಮೋ ತೆಗೆದುಕೊಳ್ಳುತ್ತಿದ್ದ 766 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದು ಗುಂಪಿನವರು ನೋವು, ವಾಂತಿ, ಸುಸ್ತು ಎಷ್ಟಿದೆ ಅಂತ ಕಂಪ್ಯೂಟರಿನಲ್ಲಿ ತಾವೇ ಗುರುತು ಹಾಕುತ್ತಿದ್ದರು, ಜಾಸ್ತಿಯಾದ ಕೂಡಲೇ ನರ್ಸ್‌ಗೆ ಸಂದೇಶ ಹೋಗುತ್ತಿತ್ತು. 2017ರಲ್ಲಿ ಫಲಿತಾಂಶ ಬಂತು. ಮಾಮೂಲಿ ಗುಂಪಿನಲ್ಲಿ ಅರ್ಧದಷ್ಟು ಜನ 26 ತಿಂಗಳಿಗಿಂತ ಹೆಚ್ಚು ಬದುಕಿದರು, ಗುರುತು ಹಾಕಿದವರಲ್ಲಿ ಅರ್ಧದಷ್ಟು ಜನ 31 ತಿಂಗಳಿಗಿಂತ ಹೆಚ್ಚು. ಹೊಸ ಔಷಧಿ ಏನೂ ಇಲ್ಲ. ತೊಂದರೆ ಎಷ್ಟಿದೆ ಅಂತ ಬೇಗ ಗೊತ್ತಾಯಿತು, ಬೇಗ ನೋಡಿಕೊಂಡರು. ಐದು ತಿಂಗಳ ಆಯುಸ್ಸು ಹೆಚ್ಚಿಸುವ ಇಂಜೆಕ್ಷನ್ ಬಂದಿದ್ದರೆ ಲಕ್ಷಗಟ್ಟಲೆ ರೇಟು ಹಾಕಿ ಮಾರುತ್ತಿದ್ದರು, ಅಲ್ವಾ?

ನಮ್ಮಲ್ಲಿ ಕಂಪ್ಯೂಟರೂ ಬೇಡ. ಕೀಮೋ ಆದ ಮೂರನೇ ದಿನ ಒಮ್ಮೆ, ಹತ್ತನೇ ದಿನ ಒಮ್ಮೆ ಡೇ ಕೇರ್‌ನ ನರ್ಸ್ ಒಂದು ಫೋನ್ ಮಾಡಲಿ. ನೋವು ಎಷ್ಟು, ಊಟ ಹೋಗುತ್ತಿದೆಯಾ, ಜ್ವರ ಇದೆಯಾ, ಬೆರಳು ಹೇಗಿದೆ ಅಂತ ಕೇಳಲಿ. ಫೋನ್ ಎತ್ತದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಗೆ ಹೇಳಲಿ. ಮನಸ್ಸಿನ ತೊಂದರೆಗೆ 14416 ಅಂತ ಟೆಲಿಮಾನಸ್ ನಂಬರ್ ಮಾಡಿದ್ದೀರಿ, ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ. ಕೀಮೋ ಮನೆಗಳಿಗೂ ಅಂಥದ್ದೊಂದು ನಂಬರ್ ಬೇಕು. ಮೂರು ಜಿಲ್ಲೆಗೆ ಸೇರಿ ಒಂದೇ ಆದರೂ ಸರಿ.

ಇನ್ನು ನನ್ನ ಕೌಂಟರಿನ ಕಥೆ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಬರುತ್ತಾರೆ. ಬೈಕ್ ಆಫ್ ಕೂಡ ಮಾಡದೆ "ಅಣ್ಣಾ, ನೋವಿಂದು ಸ್ಟ್ರಾಂಗ್ ಗುಳಿಗಿ ಕೊಡ್ರಿ" ಅನ್ನುತ್ತಾರೆ. ಯಾರಿಗೆ ಅಂದರೆ "ಅಪ್ಪಗ, ಕೀಮೋ ನಡದೈತಿ" ಅನ್ನುತ್ತಾರೆ. ಅವರ ಬಾಯಲ್ಲಿ ಬರುವ ಹೆಸರು ಡೈಕ್ಲೋಫೆನಾಕ್. ಕೀಮೋ ನಡೆಯುವಾಗ ಪ್ಲೇಟ್ಲೆಟ್ ಇಳಿದಿರುತ್ತದೆ, ಆ ಗುಳಿಗೆಯಿಂದ ಹೊಟ್ಟೆಯಲ್ಲಿ ರಕ್ತ ಒಸರಬಹುದು. ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿ ತೆಗೆದುಕೊಂಡವರ ಕಿಡ್ನಿ ಮೊದಲೇ ದಣಿದಿರುತ್ತದೆ, ಇದು ಇನ್ನಷ್ಟು ಹಾಳು ಮಾಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಜ್ವರವನ್ನು ಮುಚ್ಚಿಹಾಕುತ್ತದೆ. ಕೀಮೋ ರೋಗಿಗೆ 100.4 ಡಿಗ್ರಿ ಜ್ವರ ಬಂದರೆ ರಾತ್ರಿಯೋ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಗುಳಿಗೆ ನುಂಗಿ ಮಲಗಿದವರಿಗೆ ಆ ಜ್ವರ ಗೊತ್ತೇ ಆಗುವುದಿಲ್ಲ. ನಾನು ಹೀಗೆಂದು ಹೇಳಿ ವಾಪಸ್ ಕಳಿಸಿದರೆ ಅವರು ಸುಮ್ನೆ ಮನೆಗೆ ಹೋಗುತ್ತಾರೆ ಅಂದುಕೊಂಡಿರಾ? ಊರಿನ ಆರ್‌ಎಂಪಿ ಡಾಕ್ಟರ, ಅಂದರೆ ಡಿಗ್ರಿ ಇಲ್ಲದೆ ಚಿಕಿತ್ಸೆ ಕೊಡುವವರ, ಹತ್ತಿರ ಹೋಗುತ್ತಾರೆ. ಅವರು ಅದನ್ನೇ ಸೊಂಟಕ್ಕೆ ಸೂಜಿಯಲ್ಲಿ ಕೊಡುತ್ತಾರೆ. ಆರ್‌ಎಂಪಿಯವರನ್ನು ಬೈಯುವುದು ಸುಲಭ. ರಾತ್ರಿ ಹತ್ತಕ್ಕೆ ಬಾಗಿಲು ತೆಗೆಯುವವರು ಅವರೊಬ್ಬರೇ.

ಕಾರಟಗಿ ಕಡೆಯ ಒಬ್ಬ ಹುಡುಗ ಇದ್ದ. ಅವನ ಅಪ್ಪನಿಗೆ ಬಾಯಿ ಕ್ಯಾನ್ಸರ್. ಗುಟ್ಕಾ. (2013ರಲ್ಲೇ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಗಿದೆ. ಈಗ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಒಂದು ಪ್ಯಾಕೆಟ್, ಗಿರಾಕಿಯೇ ಬೆರೆಸಿಕೊಳ್ಳುತ್ತಾನೆ. ಅದರ ಬಗ್ಗೆ ಇನ್ನೊಂದು ಪತ್ರವೇ ಬೇಕು.) ಕೀಮೋ, ಕರೆಂಟ್ (ರೇಡಿಯೇಷನ್) ಎರಡೂ ನಡೆದಿತ್ತು. ನೀರು ನುಂಗಿದರೂ ಕಣ್ಣಲ್ಲಿ ನೀರು. ದೂರದ ಊರಿನ ಆಸ್ಪತ್ರೆಯಲ್ಲಿ ಮಾರ್ಫಿನ್ (ಅಫೀಮಿನಿಂದ ತೆಗೆಯುವ ನೋವಿನ ಔಷಧಿ) 10 ಮಿಲಿಗ್ರಾಂ ಗುಳಿಗೆ ಬರೆದುಕೊಟ್ಟಿದ್ದರು, ನಾಲ್ಕು ಗಂಟೆಗೊಂದು. ಗುಳಿಗೆ ಇರುವ ತನಕ ಅವರು ಮಲಗಿದರು, ಒಂದಿಷ್ಟು ಗಂಜಿ ಕುಡಿದರು, ಮೊಮ್ಮಗನ ಜೊತೆ ಮಾತಾಡಿದರು. ಗುಳಿಗೆ ಮುಗಿಯಿತು. ಹುಡುಗ ಚೀಟಿ ಹಿಡಿದು ಕಾರಟಗಿ, ಗಂಗಾವತಿ, ಹೊಸಪೇಟೆ ಎಲ್ಲ ತಿರುಗಿದ. ನನ್ನ ಲೈಸೆನ್ಸಿಗೆ ಮಾರ್ಫಿನ್ ಬರುವುದಿಲ್ಲ. ಸಣ್ಣ ಊರಿನ ಯಾವ ಅಂಗಡಿಯಲ್ಲೂ ಅದನ್ನು ಇಡುವುದಿಲ್ಲ. ಮತ್ತೆ ಅದೇ ದೂರದ ಊರಿಗೆ ಹೋಗಬೇಕು, ಅದೂ ರೋಗಿಯನ್ನು ಮನೆಯಲ್ಲಿ ಬಿಟ್ಟು. ಅಷ್ಟು ದಿನ ಆ ಮನುಷ್ಯ ಹೇಗೆ ಕಳೆದ ಅಂತ ನಾನು ಬರೆಯುವುದಿಲ್ಲ.

ಮಾರ್ಫಿನ್ ಸಿಗದಿರಲು ನಮ್ಮ ದೇಶದಲ್ಲಿ ಅದಿಲ್ಲ ಅಂತಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಪಡೆದ ರೈತರೇ ಅಫೀಮು ಬೆಳೆಯುತ್ತಾರೆ. ನೀಮಚ್, ಗಾಜಿಪುರದಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಪರದೇಶಕ್ಕೂ ಕಳಿಸುತ್ತೇವೆ. ಗುಳಿಗೆಯ ಬೆಲೆಯೂ ಕೆಲವೇ ರೂಪಾಯಿ. ಆದದ್ದೇನೆಂದರೆ, 1985ರಲ್ಲಿ ಮಾದಕ ವಸ್ತು ಕಾಯ್ದೆ ಬಂತು. ಕಳ್ಳಸಾಗಣೆ ತಡೆಯಲು ತಂದ ಕಾಯ್ದೆಯಲ್ಲಿ ಆಸ್ಪತ್ರೆಗಳೂ ಸಿಕ್ಕಿಬಿದ್ದವು. ಒಂದು ಡಬ್ಬಿ ಮಾರ್ಫಿನ್ ತರಿಸಲು ನಾಲ್ಕೈದು ಲೈಸೆನ್ಸ್, ಬೇರೆ ಬೇರೆ ಇಲಾಖೆ, ಒಂದರ ಅವಧಿ ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಲೆಕ್ಕದಲ್ಲಿ ತಪ್ಪಾದರೆ ಜೈಲು. ಯಾರು ತಲೆ ಕೊಡುತ್ತಾರೆ? 1997ರ ಹೊತ್ತಿಗೆ ದೇಶದಲ್ಲಿ ಚಿಕಿತ್ಸೆಗೆ ಬಳಸುವ ಮಾರ್ಫಿನ್ ಶೇ. 97ರಷ್ಟು ಕುಸಿದಿತ್ತು.

2014ರಲ್ಲಿ ಸಂಸತ್ತು ಅದನ್ನು ತಿದ್ದಿತು. ಮಾರ್ಫಿನ್ ಸೇರಿ ಆರು ಔಷಧಿಗಳನ್ನು ಅತ್ಯಗತ್ಯ ಅಂತ ಪ್ರತ್ಯೇಕಿಸಿದರು. ರಾಜ್ಯದ ಔಷಧ ನಿಯಂತ್ರಕರು ಒಂದು ಆಸ್ಪತ್ರೆಯನ್ನು ಮಾನ್ಯ ಮಾಡಿದರೆ ಸಾಕು, ಅಲ್ಲಿ ಅದನ್ನು ತರಿಸಿ, ಇಟ್ಟು, ಕೊಡಬಹುದು. ತರಬೇತಿ ಆದ ಡಾಕ್ಟರ್ ಇರಬೇಕು, ರಿಜಿಸ್ಟರ್ ಸರಿಯಾಗಿ ಬರೆಯಬೇಕು. ಕಾನೂನಿನ ಅಡ್ಡಿ ಹೋಗಿ ಹತ್ತು ವರ್ಷಕ್ಕಿಂತ ಜಾಸ್ತಿ ಆಯಿತು. ಭಯ ಮಾತ್ರ ಹೋಗಿಲ್ಲ.

ಆ ಭಯ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಟ್ರಮಡಾಲ್ ಅನ್ನುವ ನೋವಿನ ಗುಳಿಗೆಯನ್ನು ಚಟಕ್ಕೆ ಕೇಳಿಕೊಂಡು ಬರುವ ಹುಡುಗರನ್ನು ನಾನೇ ನೋಡಿದ್ದೇನೆ. 2018ರಲ್ಲಿ ಅದನ್ನೂ ಕಾಯ್ದೆಯ ಕೆಳಗೆ ತಂದದ್ದು ಸರಿಯೇ. ಕೌಂಟರಿನಲ್ಲಿ ಬೇಕಾಬಿಟ್ಟಿ ಮಾರ್ಫಿನ್ ಮಾರಲು ಬಿಡಿ ಅಂತ ನಾನು ಕೇಳುತ್ತಿಲ್ಲ, ನನಗೆ ಅದು ಬೇಡವೂ ಬೇಡ. ಸರ್ಕಾರಿ ಆಸ್ಪತ್ರೆಯ ಬೀಗ ಹಾಕಿದ ಬೀರುವಿನಲ್ಲಿ ಇಡಿ, ಚೀಟಿ ನೋಡಿ ಕೊಡಿ, ಖಾಲಿ ಸ್ಟ್ರಿಪ್ ವಾಪಸ್ ತಗೊಳ್ಳಿ. ನೋವಿಗೆ ಅಳತೆ ಪ್ರಕಾರ ಬಾಯಿಂದ ತೆಗೆದುಕೊಳ್ಳುವವರಲ್ಲಿ ಚಟ ಹತ್ತುವುದು ಬಲು ಕಡಿಮೆ. ಹತ್ತುವುದು ಮಲಬದ್ಧತೆ, ಅದಂತೂ ಬಂದೇ ಬರುತ್ತದೆ, ಮಾರ್ಫಿನ್ ಬರೆದ ಚೀಟಿಯಲ್ಲೇ ಅದಕ್ಕೂ ಗುಳಿಗೆ ಬರೆಯಬೇಕು. ನಮ್ಮ ಜನ ಮಾರ್ಫಿನ್ ಅಂದ ಕೂಡಲೇ "ಇನ್ನು ಕೈ ಬಿಟ್ಟರು" ಅಂದುಕೊಳ್ಳುತ್ತಾರೆ. ಕೀಮೋ ನಡೆಯುತ್ತಿರುವಾಗಲೇ ಕೊಡಬಹುದು, ಹುಣ್ಣು ಮಾಯ್ದ ಮೇಲೆ ನಿಧಾನಕ್ಕೆ ಇಳಿಸಿ ನಿಲ್ಲಿಸಬಹುದು. ಇದನ್ನು ಡಾಕ್ಟರೇ ಮನೆಯವರನ್ನು ಕೂರಿಸಿಕೊಂಡು ಹೇಳಬೇಕು.

ಇದೆಲ್ಲ ದೊಡ್ಡ ಊರಿನಲ್ಲಿ ಆಗುವ ಮಾತು ಅನ್ನಬೇಡಿ. 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಜೊತೆಗಾರರು ನೋವು ಶಮನದ ಸಣ್ಣ ಕ್ಲಿನಿಕ್ ಶುರು ಮಾಡಿದರು. 2008ರಲ್ಲಿ ಕೇರಳ ಸರ್ಕಾರ ಅದಕ್ಕೆಂದೇ ನೀತಿ ತಂದಿತು. ಈಗ ಅಲ್ಲಿ ಪಂಚಾಯ್ತಿ ದುಡ್ಡಿನಲ್ಲಿ ನರ್ಸ್ ಮನೆಮನೆಗೆ ಹೋಗುತ್ತಾರೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಕ್ಯಾನ್ಸರ್ ರೋಗಿಗಳ ನೋವನ್ನು ಪುಕ್ಕಟೆಯಾಗಿ ನೋಡಿಕೊಳ್ಳುತ್ತಾರೆ. ರಾಯಚೂರಿನವರು ಹೋಗುವ ಹೈದರಾಬಾದಿನ ಎಂಎನ್‌ಜೆ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಇದಕ್ಕೆ ವಿಭಾಗವಿದೆ. ನಮ್ಮ ಮೂರೂ ಜಿಲ್ಲೆಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಅಲ್ಲಿ ಅರಿವಳಿಕೆ ಡಾಕ್ಟರುಗಳಿದ್ದಾರೆ, ಮಾರ್ಫಿನ್ ಅವರಿಗೆ ಹೊಸದಲ್ಲ. ಪ್ರತಿ ಜಿಲ್ಲೆಯಿಂದ ಇಬ್ಬರು ಡಾಕ್ಟರ್, ನಾಲ್ಕು ನರ್ಸ್‌ಗಳನ್ನು ಆರಿಸಿ ಕೆಲವು ವಾರದ ತರಬೇತಿಗೆ ಕಳಿಸಿ. ವಾರಕ್ಕೆರಡು ದಿನ ನೋವಿನ ಕ್ಲಿನಿಕ್ ನಡೆಸಿ. ಗಂಗಾವತಿ, ಸಿಂಧನೂರು, ಸಿರುಗುಪ್ಪದಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ಗುಳಿಗೆ ಸಿಗುವ ಹಾಗೆ ಮಾಡಿ.

ದುಡ್ಡಿಲ್ಲ ಅಂತ ಬಳ್ಳಾರಿಯಲ್ಲಿ ನಿಂತು ಯಾರೂ ಹೇಳುವಂತಿಲ್ಲ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ನಿಧಿ ಇದೆ. ಅದರ ದೊಡ್ಡ ಪಾಲನ್ನು ಕುಡಿಯುವ ನೀರು, ಆರೋಗ್ಯದಂಥ ಕೆಲಸಕ್ಕೇ ಬಳಸಬೇಕು ಅಂತ ನಿಯಮವೇ ಹೇಳುತ್ತದೆ. ಮೂರೂ ಜಿಲ್ಲೆಗೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಮಂಡಳಿಯ ದುಡ್ಡಿನಲ್ಲಿ ಕಾಂಪೌಂಡ್ ಗೋಡೆ, ಸ್ವಾಗತ ಕಮಾನು ಕಟ್ಟಿದ್ದನ್ನು ನೋಡಿದವನು ನಾನು. ನರ್ಸ್ ಸಂಬಳ ಕಲ್ಲಿನಲ್ಲಿ ಕೆತ್ತಿ ಹಾಕಲು ಬರುವುದಿಲ್ಲ, ಅದೇ ಅಡ್ಡಿ ಅಂತ ಕಾಣುತ್ತದೆ.

ರಾಯಚೂರಿನಲ್ಲಿ 2022ರಿಂದ ಏಮ್ಸ್‌ಗಾಗಿ ಧರಣಿ ಕೂತವರನ್ನು ನಾನು ಗೌರವಿಸುತ್ತೇನೆ. ಏಮ್ಸ್ ಬರಲಿ. ಆದರೆ ಏಮ್ಸ್ ಬರುವ ತನಕ ಕಾಯಬೇಕಾದ ಕೆಲಸ ಇದಲ್ಲ. ಒಂದು ಫೋನು, ಒಂದು ಬೀರು, ಒಂದು ರಿಜಿಸ್ಟರು, ತರಬೇತಿ ಆದ ನಾಲ್ಕು ಜನ. ಈ ಆರ್ಥಿಕ ವರ್ಷದಲ್ಲೇ ಆಗುತ್ತದೆ.

ಓದುತ್ತಿರುವ ನನ್ನ ಊರಿನವರಿಗೂ ಒಂದು ಮಾತು. ಕೀಮೋ ಮನೆಗೆ ನೋಡಲು ಹೋದಾಗ "ನಮ್ಮ ಸಂಬಂಧಿಕರೊಬ್ಬರಿಗೂ ಇದೇ ಆಗಿತ್ತು, ಉಳೀಲಿಲ್ಲ" ಅನ್ನುವ ಕಥೆ ಹೇಳಬೇಡಿ. ಹಿಂದಿನ ಜನ್ಮದ ಕರ್ಮವನ್ನೂ ತರಬೇಡಿ. ನೆಗಡಿ, ಕೆಮ್ಮು ಇದ್ದರೆ ಹೋಗಲೇಬೇಡಿ. ಹೋದರೆ ಎರಡು ಕೊಡ ನೀರು ತುಂಬಿಕೊಡಿ, ಮಕ್ಕಳನ್ನು ಒಂದು ಹೊತ್ತು ನಿಮ್ಮ ಮನೆಗೆ ಕರೆದುಕೊಂಡು ಹೋಗಿ.

ಅಕ್ಕನ ಕೀಮೋ ಮುಗಿದಿದೆ. ಸ್ಕ್ಯಾನ್ ಚೆನ್ನಾಗಿದೆ ಅಂದಿದ್ದಾರೆ. ಅದಕ್ಕೆ ಆ ಡಾಕ್ಟರುಗಳಿಗೆ ನಾವು ಋಣಿಗಳು. ಬೆರಳು ಇನ್ನೂ ಸರಿ ಹೋಗಿಲ್ಲ. ಜೀನ್ಸ್ ಹೊಲಿಗೆ ಬಿಟ್ಟು ಈಗ ದಾರ ಕತ್ತರಿಸುವ, ಮಡಚುವ ಕೆಲಸ ಮಾಡುತ್ತಾಳೆ, ಕೂಲಿ ಅರ್ಧ.

ಸಚಿವರೇ, ನಮ್ಮ ಜಿಲ್ಲೆಗಳ ಡೇ ಕೇರ್ ಕೇಂದ್ರಕ್ಕೆ ನೀವು ಇವತ್ತಲ್ಲ ನಾಳೆ ಬರುತ್ತೀರಿ. ಹಾಸಿಗೆ, ಎಸಿ, ಬಣ್ಣ ಎಲ್ಲ ತೋರಿಸುತ್ತಾರೆ. ಅವತ್ತು ಎರಡು ಕೆಲಸ ಮಾಡಿ. ಔಷಧ ಕೋಣೆಗೆ ಹೋಗಿ ಮಾರ್ಫಿನ್ ರಿಜಿಸ್ಟರ್ ಕೇಳಿ, ಕೊನೆಯ ಸಲ ಯಾವ ತಾರೀಖಿಗೆ ಯಾರಿಗೆ ಕೊಟ್ಟಿದ್ದಾರೆ ನೋಡಿ. ಆಮೇಲೆ ಯಾವುದಾದರೂ ಒಬ್ಬ ರೋಗಿಯ ಫೈಲ್ ತೆಗೆಸಿ, ನೋವಿನ ಅಂಕಿ ಎಲ್ಲಿ ಬರೆದಿದ್ದಾರೆ ಅಂತ ಕೇಳಿ. ಜಿಲ್ಲಾ ಆರೋಗ್ಯಾಧಿಕಾರಿಗಳು ಅದಕ್ಕೂ ಮೊದಲೇ ನೋಡಿಟ್ಟುಕೊಂಡರೆ ಇನ್ನೂ ಒಳ್ಳೆಯದು. ನಿಮ್ಮ ಉತ್ತರವನ್ನೂ ಎಲ್ಲರೂ ಓದುವ ಹಾಗೆ ಬಹಿರಂಗವಾಗಿಯೇ ಕೊಡಿ ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ಗಂಗಾವತಿಯ ಒಬ್ಬ ಮೆಡಿಕಲ್ ಶಾಪಿನವ